ಆಪ್ತಸಲಹೆ ಪ್ರಕರಣ: ಸೆರಗಿನ ಅಡಿಯ ಕೈ, ನೀರೊಳಗಿನ ಫೋಟೊ

ಸವಿತಾ (ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ) ಮಂಡ್ಯ ಜಿಲ್ಲೆಯ ಹಳ್ಳಿಯೊಂದರವರು. ವಯಸ್ಸು ಮೂವತ್ತರ ಆಸುಪಾಸು. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಎಡಗೈ ರೋಲರ್ ನಡುವೆ ಸಿಕ್ಕಿತು. ಮೊಣಕೈ ಕೆಳಗೆ ಕತ್ತರಿಸಬೇಕಾಯಿತು. ಗಾಯ ಪೂರ್ತಿ ಮಾಗಿದ ಎಷ್ಟೋ ತಿಂಗಳ ಮೇಲೆ ಮೈಸೂರಿಗೆ ನನ್ನ ಹತ್ತಿರ ಬಂದರು.

ಕುಳಿತಷ್ಟು ಹೊತ್ತೂ ಬಲಗೈ ಸೆರಗನ್ನು ಎಳೆದೆಳೆದು ಎಡಗೈ ಮೇಲೆ ಹಾಕುತ್ತಲೇ ಇತ್ತು. ಕುಡಿಯಲು ನೀರು ಕೊಟ್ಟರೆ ಬೇಡ ಎಂದರು. ಲೋಟ ಹಿಡಿಯಬೇಕಾದರೆ ಸೆರಗು ಬಿಡಬೇಕಲ್ವಾ?

"ಕೆಲಸ ನಿಂತಿಲ್ಲ ಮೇಡಂ. ಮೋಟುಗೈಯಲ್ಲಿ ಒತ್ತಿ ಹಿಡಿದು ತರಕಾರಿ ಹೆಚ್ತೀನಿ. ಆದ್ರೆ ಕನ್ನಡಿ ಮುಂದೆ ನಿಲ್ಲೋಕಾಗಲ್ಲ. ಮದುವೆ ಮನೆ ಫೋಟೊದಲ್ಲಿ ಎಲ್ಲರ ಹಿಂದೆ ಹೋಗಿ ನಿಲ್ತೀನಿ."

ಗಂಡ ಒಳ್ಳೆಯ ಮನುಷ್ಯ. ಧೈರ್ಯ ಬರಲಿ ಎಂದು ಈಜುಗಾರ ಶರತ್ ಗಾಯಕ್ವಾಡ್ ಅವರ ವಿಡಿಯೊ ತೋರಿಸಿದ್ದರು. ಎಡಗೈ ಪೂರ್ತಿ ಬೆಳೆಯದೆ ಹುಟ್ಟಿದ ಬೆಂಗಳೂರಿನ ಶರತ್ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 6 ಪದಕ ಗೆದ್ದವರು. ಸವಿತಾ ಕೊಟ್ಟ ಉತ್ತರ ಇಷ್ಟೇ: "ಅವರು ಹುಟ್ಟಿದ್ದೇ ಹಾಗೆ. ನನಗೆ ಇತ್ತು, ಹೋಯ್ತು." ಈ ಮಾತನ್ನು ಮನೆಯವರು ಹಟ ಅಂದುಕೊಂಡಿದ್ದರು. ಅದು ಹಟ ಅಲ್ಲ, ದುಃಖ. ಹೋದ ಕೈಗಾಗಿ ಅಳಲು ಜಾಗ ಬೇಕು. ಆ ಜಾಗ ಸಿಗುವ ಮೊದಲೇ ಸಾಧಕರ ಕಥೆ ಹೇಳಿದರೆ ಅದು ಬೈಗುಳದಂತೆ ಕೇಳಿಸುತ್ತದೆ. ಹಾಗಾಗಿ ಮೊದಲ ಕೆಲವು ಭೇಟಿಗಳಲ್ಲಿ ಅವರು ಅತ್ತರು, ನಾನು ಕೇಳಿಸಿಕೊಂಡೆ. ಇಲ್ಲದ ಬೆರಳು ತುರಿಸುತ್ತದೆ, ಉರಿಯುತ್ತದೆ ಎಂದು ಹೇಳಿಕೊಳ್ಳಲೂ ಅವರಿಗೆ ಹೆದರಿಕೆಯಿತ್ತು. ಅದು ಹುಚ್ಚಲ್ಲ, ಅಂಗ ಕಳೆದುಕೊಂಡ ಬಹಳ ಜನರಿಗೆ ಆಗುತ್ತದೆ, ಔಷಧಿಯೂ ಇದೆ ಎಂದು ಹೇಳಿ ವೈದ್ಯರ ಬಳಿ ಕಳುಹಿಸಿದೆ.

ನೀರೊಳಗಿನ ಫೋಟೊದ ಆಸೆ ಅವರದೇ. ಸೋದರಮಾವನ ಮಗ ಮದುವೆಗೆ ಮುಂಚೆ ಈಜುಕೊಳದಲ್ಲಿ ಹಾಗೆ ತೆಗೆಸಿದ್ದ. ಸವಿತಾ ಚಿಕ್ಕಂದಿನಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ನಾಲೆಯಲ್ಲಿ ಈಜು ಕಲಿತವರು. "ನೀರಲ್ಲಿ ನಾನು ಹೆಂಗಿರ್ತೀನೋ ನೋಡ್ಬೇಕು" ಎಂದರು. ನನಗೆ ತುಂಬಾ ಸಂತೋಷವಾಯಿತು. ಕುತ್ತಿಗೆವರೆಗಿನ ನೀರಿನಲ್ಲಿ ಮೈಭಾರ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಮುಚ್ಚಿಟ್ಟುಕೊಂಡೇ ಬಿಗಿದುಹೋದ ಭುಜ ಅಲ್ಲಿ ಸಡಿಲವಾಗುತ್ತದೆ. ಜೊತೆಗೆ ನೀರಿನಲ್ಲಿ ಸೆರಗು ನಿಲ್ಲುವುದಿಲ್ಲ, ತೇಲಿಬಿಡುತ್ತದೆ. ಅದೇ ಕಾರಣಕ್ಕೆ ಕ್ಯಾಮೆರಾ ಕೊನೆಗೆ ಬರಲಿ ಎಂದೆ.

ಮೊದಲು ಮನೆಯಲ್ಲಿ, ಬಾಗಿಲು ಹಾಕಿಕೊಂಡು, ದಿನಾ ಮೋಟುಗೈಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುವುದು. ನೋಡುತ್ತಾ ಹಚ್ಚಬೇಕು. ಅದು ರೂಢಿಯಾದ ಮೇಲೆ ಕನ್ನಡಿ. ಆಮೇಲೆ ಅಮ್ಮನ ಎದುರು ಸೆರಗಿಲ್ಲದೆ ಕಾಫಿ ಕುಡಿಯುವುದು. ಗಂಡನ ಎದುರು ಅದೇ ಕೆಲಸಕ್ಕೆ ಜಾಸ್ತಿ ದಿನ ಹಿಡಿಯಿತು. ಅವಸರ ಮಾಡಲಿಲ್ಲ. ಇಷ್ಟಾದ ಮೇಲೆ, ಚರ್ಮದಲ್ಲಿ ಎಲ್ಲೂ ಬಿರುಕಿಲ್ಲ ಎಂದು ವೈದ್ಯರು ನೋಡಿ ಹೇಳಿದ ಮೇಲೆ, ಕೊಳ. ಕ್ಯಾಮೆರಾ ಇಲ್ಲದೆ, ಜನ ಕಡಿಮೆ ಇರುವ ಹೊತ್ತಿನಲ್ಲಿ ಸುಮ್ನೆ ಈಜು.

ಫೋಟೊ ದಿನಕ್ಕೆ ಕೆಲವು ಮಾತು ಕಟ್ಟುನಿಟ್ಟಾಗಿ ಹೇಳಿದ್ದೆ. ಮುಳುಗುವ ಮುಂಚೆ ಜೋರುಜೋರಾಗಿ ಉಸಿರಾಡಬಾರದು. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕು ಎಂಬ ಸೂಚನೆಯೇ ಬಾರದೆ ನೀರಿನಲ್ಲೇ ಪ್ರಜ್ಞೆ ತಪ್ಪಬಹುದು. ಒಂದು ಫೋಟೊಗೆ ಕೆಲವೇ ಸೆಕೆಂಡ್ ಸಾಕು. ಪಕ್ಕದಲ್ಲಿ ಈಜು ಬಲ್ಲ ಒಬ್ಬರು ಇರಲೇಬೇಕು, ಫೋಟೊಗ್ರಾಫರ್ ಆ ಲೆಕ್ಕಕ್ಕಿಲ್ಲ. ಪೂರ್ತಿ ಸೀರೆ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ. ತಕ್ಷಣ ಕಳಚುವಂಥ ತೆಳು ಬಟ್ಟೆ ಸಾಕು. ಮುಗಿದ ಮೇಲೆ ಕ್ಲೋರಿನ್ ಹೋಗುವ ಹಾಗೆ ಕೈ ತೊಳೆದು, ಚೆನ್ನಾಗಿ ಒಣಗಿದ ಮೇಲೇ ಕೃತಕ ಕೈ ಹಾಕಬೇಕು.

ಬೆನ್ನುಹುರಿ ಪೆಟ್ಟಾದವರು ಇದನ್ನು ಓದುತ್ತಿದ್ದರೆ, ನಿಮ್ಮ ಲೆಕ್ಕ ಬೇರೆ. ಸ್ಪರ್ಶ ಇಲ್ಲದ ಕಾಲು ಕೊಳದ ಅಂಚಿಗೆ ಉಜ್ಜಿದರೂ ಗೊತ್ತಾಗುವುದಿಲ್ಲ. ಒತ್ತುಹುಣ್ಣು ಇದ್ದರೆ ನೀರಿಗಿಳಿಯುವುದೇ ಬೇಡ.

ಇನ್ನೊಂದು ಷರತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಫೋಟೊ ಮೊದಲು ನೋಡುವವರು ಸವಿತಾ. ಅಳಿಸುವ ಹಕ್ಕೂ ಅವರದೇ. ಗಂಡ ಪ್ರೀತಿಯಿಂದಲೇ ಆದರೂ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ ಹಾಗಿಲ್ಲ.

ಮೊದಲ ಫೋಟೊ ನೋಡಿ ಮುಖ ಸಪ್ಪಗಾಯಿತಂತೆ: "ಕೈ ಇನ್ನೂ ದಪ್ಪ ಕಾಣ್ತಿದೆ." ನೀರಿನಲ್ಲಿ ಎಲ್ಲವೂ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿಯೇ ಕಾಣುತ್ತದೆ, ಮುಖವೂ ಅಷ್ಟೇ ಎಂದು ಫೋಟೊಗ್ರಾಫರ್ ತಿಳಿಸಿದ ಮೇಲೆ ಮತ್ತೆ ಇಳಿದರು. ಹೆಚ್ಚಿನವನ್ನು ಅಳಿಸಿದರು. ಉಳಿಸಿಕೊಂಡದ್ದರಲ್ಲಿ ಒಂದನ್ನು ನನಗೆ ತೋರಿಸಿದರು. ಎರಡೂ ತೋಳು ಅಗಲ ಚಾಚಿದ್ದಾರೆ, ಕೆನ್ನೆ ಉಬ್ಬಿದೆ, ಕಣ್ಣು ಬಿಟ್ಟಿದ್ದಾರೆ. "ಇದರಲ್ಲಿ ನಾನು ಮೊದಲು ಕೈ ನೋಡ್ಲಿಲ್ಲ ಮೇಡಂ, ಮುಖ ನೋಡ್ದೆ" ಎಂದರು.

ಈಗ ಮನೆಯಲ್ಲಿ, ನೆಂಟರ ನಡುವೆ ಸೆರಗು ಎಳೆಯುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಈಗಲೂ ಮುಚ್ಚಿಕೊಳ್ಳುತ್ತಾರೆ. ಅದನ್ನು ಬಿಡಿ ಎಂದು ನಾನು ಹೇಳಿಲ್ಲ. ಅಪರಿಚಿತರ ಪ್ರಶ್ನೆಗೆಲ್ಲ ಉತ್ತರ ಕೊಡಬೇಕಾದ ಹಂಗು ಅವರಿಗಿಲ್ಲ. ಮುಂದಿನ ಭೇಟಿಗೆ ಮಗಳನ್ನೂ ಕರೆತರುತ್ತಾರೆ. ಶಾಲೆಯಲ್ಲಿ ಅಮ್ಮನ ಕೈ ಬಗ್ಗೆ ಮಕ್ಕಳು ಕೇಳಿದರೆ ಏನು ಹೇಳಬೇಕು ಎಂದು ಆ ಹುಡುಗಿ ಕೇಳುತ್ತಿದ್ದಾಳಂತೆ.