ಊರಾಚೆ ವಿಲ್ಲಾ, ಊರೊಳಗೆ ಫ್ಲಾಟು: ಒಂದು ಆಪ್ತಸಲಹೆ ಪ್ರಕರಣ

ಮನೆ ಎಲ್ಲಿ ಮಾಡೋಣ ಎಂಬ ಪ್ರಶ್ನೆ ಹೊತ್ತು ಆಪ್ತಸಲಹೆಗೆ ಬರುವವರು ಕಡಿಮೆ. ಅದಕ್ಕೆ ಬ್ರೋಕರ್ ಇದ್ದಾನೆ, ವಕೀಲರಿದ್ದಾರೆ, ಎಲ್ಲರಿಗಿಂತ ಮೊದಲು ಭಾವಮೈದುನ ಇದ್ದಾನೆ. ಈ ದಂಪತಿಯೂ ಅದಕ್ಕೆಂದು ಬಂದವರಲ್ಲ. ಅಪ್ಪನಿಗೆ ರಾತ್ರಿ ನಿದ್ದೆಯಿಲ್ಲ, ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಿದ್ದಾರೆ ಎಂದು ಜರ್ಮನಿಯಲ್ಲಿರುವ ಮಗಳು ಫೋನಿನಲ್ಲಿ ಸಮಯ ಗೊತ್ತುಮಾಡಿ ಇಬ್ಬರನ್ನೂ ಕಳಿಸಿದ್ದರು.

ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ರಾಯರು, ಲಲಿತಮ್ಮ ಎನ್ನೋಣ. ರಾಯರಿಗೆ 62, ಲಲಿತಮ್ಮನಿಗೆ 58. ರಾಯರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ವಾಸ ಬೆಂಗಳೂರಿನ ಬನಶಂಕರಿ ಕಡೆಯ ಹಳೇ ಫ್ಲಾಟಿನಲ್ಲಿ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಲಲಿತಮ್ಮನ ಮಂಡಿ ಸವೆದಿದೆ. ಮನೆ ಬದಲಿಸಬೇಕು ಎಂಬಲ್ಲಿಗೆ ಇಬ್ಬರದೂ ಒಂದೇ ಮಾತು. ಆಮೇಲೆ ರಾಯರದು ಊರಾಚೆ, ಕನಕಪುರ ರಸ್ತೆಯ ಹಾರೋಹಳ್ಳಿ ದಾಟಿ ಒಳಗಿರುವ ವಿಲ್ಲಾ ಬಡಾವಣೆಯ ಕಡೆಗೆ, ಲಲಿತಮ್ಮನದು ಮೆಟ್ರೊ ಸ್ಟೇಷನ್ನಿಗೆ ನಡೆದು ಹೋಗಬಹುದಾದ, ಲಿಫ್ಟ್ ಇರುವ ಎರಡು ಬೆಡ್‌ರೂಮಿನ ಫ್ಲಾಟಿನ ಕಡೆಗೆ. ಯಾವುದು ಕೊಳ್ಳಬೇಕೆಂದರೂ ಈಗಿನದನ್ನು ಮಾರಬೇಕು.

ಮೊದಲ ಭೇಟಿಗೆ ರಾಯರು ಫೈಲು ಹಿಡಿದು ಬಂದಿದ್ದರು. ಅದರಲ್ಲಿ ವಿಲ್ಲಾದ ನಕ್ಷೆ, ಕಂಪನಿಯ ಬಣ್ಣದ ಪುಸ್ತಿಕೆ, ಎಕ್ಸೆಲ್‌ನಲ್ಲಿ ಮಾಡಿದ ಲೆಕ್ಕ ಎಲ್ಲ ಇತ್ತು. ಅಷ್ಟೇ ದುಡ್ಡಿಗೆ ನಾಲ್ಕು ಪಟ್ಟು ಜಾಗ, ಮನೆ ಸುತ್ತ ಮಣ್ಣು, ಸ್ವಂತ ತೆಂಗಿನ ಮರ ಎಂದು ಒಂದೊಂದಾಗಿ ವಿವರಿಸಿದರು. ಲಲಿತಮ್ಮ ಬರಿಗೈಲಿ ಕೂತಿದ್ದರು. ನಿಮಗೇನನ್ನಿಸುತ್ತೆ ಎಂದು ಕೇಳಿದ್ದಕ್ಕೆ, "ಕೇಳೋದೇನು ಬಂತು ಮೇಡಂ, ಅಡ್ವಾನ್ಸ್ ಕೊಟ್ಟಾಗಿದೆಯಲ್ಲ" ಎಂದರು.

ರಾಯರು ಫೈಲು ಮುಚ್ಚಿದರು. ಎರಡು ಲಕ್ಷ ಟೋಕನ್ ಕೊಟ್ಟಿದ್ದನ್ನು ಅವರು ಮನೆಯಲ್ಲಿ ಹೇಳಿರಲಿಲ್ಲ. ಜಂಟಿ ಖಾತೆಯಾದ್ದರಿಂದ ಮೆಸೇಜು ಹೆಂಡತಿಯ ಫೋನಿಗೂ ಬಂದಿತ್ತು. ಅಂದಿನಿಂದ ಆಕೆ ಊಟಕ್ಕೆ ಕರೆಯುವುದನ್ನು ಬಿಟ್ಟು, ತಟ್ಟೆ ಟೇಬಲ್ ಮೇಲೆ ಸದ್ದು ಬರುವ ಹಾಗೆ ಇಡುತ್ತಿದ್ದರು.

ಇದೊಂದನ್ನು ಮೊದಲು ಬಗೆಹರಿಸದೆ ವಿಲ್ಲಾನಾ ಫ್ಲಾಟಾ ಎಂಬ ಚರ್ಚೆಗೆ ಕೂರುವುದಿಲ್ಲ ಎಂದು ಹೇಳಿದೆ. ರಾಯರು "ಸರ್‌ಪ್ರೈಸ್ ಕೊಡೋಣ ಅಂತ" ಎಂದು ಶುರುಮಾಡಿದರು. ಮೂವತ್ತು ವರ್ಷಕ್ಕೂ ಮೀರಿದ ದಾಂಪತ್ಯದಲ್ಲಿ ನಿವೃತ್ತಿಯ ಹಣದ ವಿಷಯದಲ್ಲಿ ಸರ್‌ಪ್ರೈಸ್ ಕೊಡುವುದೆಂದರೆ ಒಬ್ಬರೇ ತೀರ್ಮಾನ ಮಾಡಿದಂತೆಯೇ. ಮುಂದೆ ಹತ್ತು ಸಾವಿರ ದಾಟಿದ ಯಾವ ಪಾವತಿಯೂ ಇಬ್ಬರೂ ಒಪ್ಪದೆ ಹೋಗಬಾರದು, ಬೇರೆ ಯಾವ ಮುಂಗಡವನ್ನೂ ಕೊಡುವಂತಿಲ್ಲ ಎಂದು ಒಂದು ಹಾಳೆಯಲ್ಲಿ ಬರೆಸಿ ಇಬ್ಬರಿಂದಲೂ ಸಹಿ ಮಾಡಿಸಿದೆ. ರಾಯರು ಬ್ಯಾಂಕಿನವರಾದ್ದರಿಂದ ತಾರೀಖನ್ನೂ ತಾವೇ ಹಾಕಿದರು.

ಮುಂದಿನ ಭೇಟಿಗಳಲ್ಲಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿದೆ. ಹೊಸ ಮನೆಗೆ ಹೋದ ಮೇಲಿನ ಒಂದು ಮಂಗಳವಾರ ಹೇಗಿರುತ್ತದೆ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಬರೆಯಿರಿ ಎಂದೆ. ಶನಿವಾರ, ಭಾನುವಾರ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಪರೀಕ್ಷೆಯಾಗುವುದು ವಾರದ ಮಧ್ಯದಲ್ಲಿ. ಲಲಿತಮ್ಮ ಎರಡೂ ಪುಟ ತುಂಬಿಸಿದರು. ಸೊಪ್ಪಿನವಳು, ವಿಷ್ಣು ಸಹಸ್ರನಾಮದ ಗುಂಪು, ಫಿಸಿಯೋಥೆರಪಿ, ತಂಗಿ ಮನೆ, ಗಾಂಧಿ ಬಜಾರಿನ ಹೂವು. ರಾಯರ ಹಾಳೆಯಲ್ಲಿ ಐದೂವರೆಗೆ ಎದ್ದು ವಾಕಿಂಗ್, ಕಾಫಿ, ಪೇಪರು. ಒಂಬತ್ತಕ್ಕೆ "ತೋಟ". ಹನ್ನೊಂದಕ್ಕೂ "ತೋಟ". ಊಟ, ನಿದ್ದೆ. ನಾಲ್ಕಕ್ಕೆ ಮತ್ತೆ "ತೋಟ".

ತೋಟದಲ್ಲಿ ಏನು ಮಾಡ್ತೀರಿ ಸರ್ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಹಾಸನದ ಕಡೆಯ ತಮ್ಮ ಊರಿನ ವಿಷಯ ತೆಗೆದರು. ಅಕ್ಕಂದಿರ ಮದುವೆಗೆಂದು ಅಪ್ಪ ಜಮೀನು ಮಾರಿದ್ದರಂತೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕುವ ಮೊದಲು ಅಪ್ಪ ಪೆನ್ನನ್ನು ಎರಡು ಸಲ ಕೆಳಗಿಟ್ಟದ್ದನ್ನು ಪಕ್ಕದಲ್ಲಿ ನಿಂತು ನೋಡಿದ್ದರಂತೆ. "ಒಂದು ಗುಂಟೆಯಾದರೂ ವಾಪಸು ತಗೋಬೇಕು ಅಂತ ಸರ್ವಿಸ್ ಪೂರ್ತಿ ಅಂದುಕೊಂಡೇ ಇದ್ದೆ." ಹೆಂಡತಿಗೆ ಹೇಳಿದ್ದೀರಾ ಎಂದರೆ, "ಅವಳಿಗೆ ಗೊತ್ತಿರುತ್ತೆ" ಎಂದರು. ಲಲಿತಮ್ಮನಿಗೆ ಗೊತ್ತಿರಲಿಲ್ಲ.

ಲಲಿತಮ್ಮನ ಭಯ ಬೇರೆಯೇ. ಹಳ್ಳಿ ಬೇಡ, ಗಿಡ ಬೇಡ ಎಂದು ಆಕೆ ಒಮ್ಮೆಯೂ ಹೇಳಲಿಲ್ಲ. "ನನಗೆ ಕಾರು ಬಿಡೋಕೆ ಬರಲ್ಲ ಮೇಡಂ. ಈಗ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿ ಮಲ್ಲೇಶ್ವರಕ್ಕೂ ಹೋಗಿ ಬರ್ತೀನಿ, ಯಾರನ್ನೂ ಒಂದು ರೂಪಾಯಿ ಕೇಳಲ್ಲ. ಅಲ್ಲಿಗೆ ಹೋದ್ರೆ ಕರಿಬೇವು ಬೇಕಂದ್ರೂ ಇವರನ್ನ ಎಬ್ಬಿಸ್ಬೇಕು." 2023ರ ಜೂನ್‌ನಲ್ಲಿ ಸರ್ಕಾರ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ ಮಾಡಿದಾಗ ಬಗೆಬಗೆಯ ಕುಹಕ ಕೇಳಿದ್ದೆವು. ಮಧ್ಯಮವರ್ಗದ ಮನೆಗಳಲ್ಲಿ ಗಂಡನ ಕಾರಿಗೆ ಕಾದು ಕೂರುವ ಐವತ್ತು ದಾಟಿದ ಹೆಂಗಸರಿಗೆ ಅದರಿಂದ ಏನು ಸಿಕ್ಕಿತು ಎಂಬುದು ನನ್ನ ಕೊಠಡಿಯಲ್ಲಿ ಆಗಾಗ ಕೇಳಿಬರುತ್ತದೆ.

ಇಬ್ಬರಿಗೂ ಪ್ರತ್ಯೇಕವಾಗಿ ಕೇಳಿದ ಇನ್ನೊಂದು ಪ್ರಶ್ನೆ: ಈ ಮನೆಯಲ್ಲಿ ಕೊನೆಗೆ ನೀವೊಬ್ಬರೇ ಉಳಿದರೆ? ನಮ್ಮಲ್ಲಿ ಇದನ್ನು ಕೇಳುವುದೇ ಅಪಶಕುನ. ಆದರೂ ನಿವೃತ್ತಿಯ ಮನೆ ಆರಿಸುವವರನ್ನು ನಾನು ಇದನ್ನು ಕೇಳದೆ ಕಳಿಸುವುದಿಲ್ಲ. ಲಲಿತಮ್ಮ ತಕ್ಷಣ "ಫ್ಲಾಟಿನಲ್ಲಾದರೆ ಇರ್ತೀನಿ, ಅಲ್ಲಾದರೆ ತಂಗಿ ಮನೆಗೆ ಹೋಗ್ಬೇಕಾಗುತ್ತೆ" ಎಂದರು. ರಾಯರು "ಎಲ್ಲಿದ್ದರೇನು" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ನನಗೆ ಅಡುಗೆ ಬರಲ್ಲ" ಎಂದೂ ಸೇರಿಸಿದರು.

ಮೂವರೂ ಒಟ್ಟಿಗೆ ಕೂತ ದಿನ ರಾಯರು ಜಮೀನಿನ ಕಥೆಯನ್ನು ಹೆಂಡತಿಗೆ ಹೇಳಿದರು. ಆಕೆ ಕಣ್ಣೊರೆಸಿಕೊಂಡರು, ಆದರೆ ಅಭಿಪ್ರಾಯ ಬದಲಿಸಲಿಲ್ಲ. ಗಂಡನ ನೋವು ಅರ್ಥವಾದ ಮಾತ್ರಕ್ಕೆ ಹೆಂಡತಿ ಅವನ ಇಷ್ಟಕ್ಕೆ ತಲೆಬಾಗಬೇಕು ಎಂಬ ನಿರೀಕ್ಷೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಆಕೆ ಬಾಗಲಿಲ್ಲವಲ್ಲ ಎಂದು ನನಗೆ ಸಮಾಧಾನವೇ ಆಯಿತು.

ಆಮೇಲೆ ಕೊಟ್ಟ ಸಲಹೆಗಳು ಇವು. ಬಡಾವಣೆಗೆ ಭಾನುವಾರ ಬೆಳಿಗ್ಗೆ ಹೋಗಬೇಡಿ. ಕಂಪನಿಯವರು ಆ ಹೊತ್ತಿಗೇ ಕರೆದೊಯ್ಯುವುದು ರಸ್ತೆ ಖಾಲಿಯಿರುತ್ತದೆ ಎಂದೇ. ಶುಕ್ರವಾರ ಸಂಜೆ ಹೋಗಿ, ಅಲ್ಲಿಂದ ನಿಮ್ಮ ಆಸ್ಪತ್ರೆಗೆ ವಾಪಸು ಬನ್ನಿ, ಗಡಿಯಾರ ನೋಡಿಕೊಳ್ಳಿ. ಹೋಗಿ ಬಂದರು. ಮುಕ್ಕಾಲು ಗಂಟೆ ಎಂದು ಪುಸ್ತಿಕೆಯಲ್ಲಿ ಬರೆದ ದಾರಿಗೆ ಎರಡು ಗಂಟೆ ಹಿಡಿದಿತ್ತು. ಅದಕ್ಕಿಂತ ಹೆಚ್ಚಾಗಿ ವಾಚ್‌ಮ್ಯಾನ್ ಮಾತು ಇಬ್ಬರಿಗೂ ನಾಟಿತ್ತು: "ಆನೆ ಬಂದ್ರೆ ಗೇಟ್ ಹಾಕ್ಕಂಡು ಒಳಗಿರ್ಬೇಕು ಸಾ, ಅಷ್ಟೇಯ." ಬನ್ನೇರುಘಟ್ಟ ಕಾಡಿನ ಅಂಚಿನ ಹಳ್ಳಿಗಳಿಗೆ ಇದು ನಿತ್ಯದ ಮಾತು. ಪುಸ್ತಿಕೆಯಲ್ಲಿ ಮಾತ್ರ ಆನೆಯಿಲ್ಲ, ನವಿಲಿದೆ.

ನೀರಿನ ಬಗ್ಗೆ ಎರಡೂ ಕಡೆ ಕೇಳಿಸಿದೆ. ತೊರೆಕಾಡನಹಳ್ಳಿಯಿಂದ ಬರುವ ಕಾವೇರಿ ನೀರು ಹಾರೋಹಳ್ಳಿಯ ಪಂಪಿಂಗ್ ಸ್ಟೇಷನ್ ಮೂಲಕವೇ ಬೆಂಗಳೂರಿಗೆ ಏರುತ್ತದೆ. ಅದರ ಆಸುಪಾಸಿನ ಈ ಬಡಾವಣೆಗೆ ಬೋರ್‌ವೆಲ್ಲೇ ಗತಿ. ಹಾಗೆಂದು ಫ್ಲಾಟು ಸುಖದ ಸುಪ್ಪತ್ತಿಗೆಯಲ್ಲ. 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಅಪಾರ್ಟ್‌ಮೆಂಟುಗಳು ಟ್ಯಾಂಕರಿಗೆ ಸಾಲು ನಿಂತದ್ದನ್ನು ಲಲಿತಮ್ಮನಿಗೆ ನೆನಪಿಸಿದೆ. ಕಾವೇರಿ ಸಂಪರ್ಕ ಇದೆಯೇ, ತಿಂಗಳ ಮೇಂಟೆನೆನ್ಸ್ ಎಷ್ಟು, ಲಿಫ್ಟ್ ಕೆಟ್ಟರೆ ಎಷ್ಟು ದಿನಕ್ಕೆ ಸರಿಯಾಗುತ್ತದೆ, ಮಾಲೀಕರ ಸಂಘ ನೋಂದಣಿಯಾಗಿದೆಯೇ ಎಂದು ಕಂಪನಿಯವರನ್ನು ಕೇಳಬೇಡಿ. ಮೂರನೇ ಮಹಡಿಯಲ್ಲಿರುವ ಯಾವುದಾದರೂ ಅಜ್ಜಿಯನ್ನು ಕೇಳಿ ಎಂದೆ.

ಕಾಗದಪತ್ರ ನನ್ನ ವಿಷಯವಲ್ಲ, ವಕೀಲರಿಗೆ ತೋರಿಸಲು ಹೇಳಿದೆ. ಬಂದ ವರದಿ ಸ್ವಾರಸ್ಯವಾಗಿತ್ತು. ರಾಯರು ಟೋಕನ್ ಕೊಟ್ಟ ನಿವೇಶನ ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಸರ್ಕಾರದ ಅನುಮತಿ, ಆಗಿರುವ ಭಾಗದಲ್ಲಿರಲೇ ಇಲ್ಲ. ಪಕ್ಕದ "ಫಾರ್ಮ್ ಪ್ಲಾಟ್" ಸಾಲಿನಲ್ಲಿತ್ತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂಬುದು ನಿಜ. ಆದರೆ ಪರಿವರ್ತನೆಯಿಲ್ಲದೆ ಅದನ್ನು ತುಂಡುಮಾಡಿ ಬಡಾವಣೆ ಕಟ್ಟುವಂತಿಲ್ಲ. ಅರ್ಧ ಹಣ ಹಾಕಿ ತನ್ನ ಹೆಸರನ್ನೂ ಪತ್ರದಲ್ಲಿ ಸೇರಿಸುವ ಯೋಚನೆ ಮಗಳಿಗಿತ್ತು, ಅದೂ ನಿಂತಿತು. ಅನಿವಾಸಿಗಳು ಮನೆ, ಫ್ಲಾಟು ಕೊಳ್ಳಬಹುದು, ಕೃಷಿ ಜಮೀನು, ಫಾರ್ಮ್‌ಹೌಸ್ ಕ್ರಯಕ್ಕೆ ಪಡೆಯುವಂತಿಲ್ಲ. "ನನ್ನ ಬ್ರಾಂಚಿಗೆ ಇಂಥ ಫೈಲು ಬಂದಿದ್ದರೆ ಅವತ್ತೇ ವಾಪಸು ಕಳಿಸ್ತಿದ್ದೆ" ಎಂದು ರಾಯರೇ ನಕ್ಕರು. ಟೋಕನ್ ಹಣದಲ್ಲಿ ಒಂದು ಪಾಲು ಬಂದಿದೆ, ಉಳಿದದ್ದಕ್ಕೆ ಓಡಾಟ ನಡೆದಿದೆ.

ಇಷ್ಟಾದರೂ ಮಣ್ಣಿನ ಆಸೆ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಹಾಗಾಗಿ ಮುಖ್ಯ ಸಲಹೆ: ಒಂದು ವರ್ಷ ಏನನ್ನೂ ಮಾರಬೇಡಿ, ಏನನ್ನೂ ಕೊಳ್ಳಬೇಡಿ. ಅದೇ ದಿಕ್ಕಿನಲ್ಲಿ ಹನ್ನೊಂದು ತಿಂಗಳ ಕರಾರಿಗೆ ಒಂದು ಮನೆ ಬಾಡಿಗೆಗೆ ಹಿಡಿಯಿರಿ, ಬೇಸಿಗೆಯೂ ಮಳೆಗಾಲವೂ ಅಲ್ಲೇ ಕಳೆಯಲಿ. ಬಾಡಿಗೆ ದಂಡ ಎಂದು ರಾಯರು ಗೊಣಗಿದರು. ತಪ್ಪು ಮನೆ ಕೊಂಡರೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಕ್ಕೆ ಹೋಗುವ ದುಡ್ಡಿನ ಪಕ್ಕ ಅದನ್ನಿಟ್ಟು ಲೆಕ್ಕ ಹಾಕಿ ಎಂದೆ. ಎಕ್ಸೆಲ್ ತೆರೆದರು, ಒಪ್ಪಿದರು. ಲಲಿತಮ್ಮನ ಮಂಡಿಗೆ ಆ ವರ್ಷದ ಮಟ್ಟಿಗೆ ಮೆಟ್ಟಿಲು ಕಡಿಮೆ ಮಾಡಲು ಕೆಳಗಿನ ಅಂಗಡಿಯಿಂದ ದಿನಸಿ ಮನೆಗೇ ತರಿಸುವ ಏರ್ಪಾಡಾಯಿತು. ಕೊನೆಗೆ ಯಾವ ಮನೆ ಕೊಂಡರೂ ಪತ್ರ ಇಬ್ಬರ ಹೆಸರಿನಲ್ಲೂ ಇರಬೇಕು, ಆಸ್ಪತ್ರೆ ಖರ್ಚಿಗೆಂದು ತೆಗೆದಿಟ್ಟ ಠೇವಣಿಯನ್ನು ಮುಟ್ಟಬಾರದು ಎಂಬುದನ್ನೂ ಅದೇ ಹಾಳೆಗೆ ಸೇರಿಸಿದೆವು.

ಈಗ ರಾಯರು ವಾರಕ್ಕೆ ನಾಲ್ಕು ದಿನ ಅಲ್ಲಿ, ಲಲಿತಮ್ಮ ಎರಡು ದಿನ. ಉಳಿದ ದಿನ ಬನಶಂಕರಿಯಲ್ಲಿ. ಇಬ್ಬರೂ ಬೇರೆಯಾದರಂತೆ ಎಂದು ನೆಂಟರಲ್ಲಿ ಗುಸುಗುಸು ಎದ್ದು ಮಗಳು ಗಾಬರಿಯಾಗಿ ಮತ್ತೆ ನನಗೆ ಫೋನ್ ಮಾಡಿದ್ದರು. ಊಟದ ಮೇಜಿನಲ್ಲಿ ಮುಖ ತಿರುಗಿಸಿ ಕೂತಿದ್ದಾಗ ಯಾರಿಗೂ ಕಾಣದ ಬಿರುಕು, ಎರಡು ಕಡೆ ನಗುತ್ತಾ ಇದ್ದಾಗ ಎಲ್ಲರಿಗೂ ಕಂಡಿತ್ತು. ರಾಯರು ಅನ್ನ, ತಿಳಿಸಾರು ಮಾಡುವುದನ್ನು ಕಲಿತಿದ್ದಾರೆ. ಬದನೆಗೆ ಹುಳ ಬಿದ್ದು ಮೊದಲ ಫಸಲು ಪೂರ್ತಿ ಹೋಯಿತು.

ಕರಾರು ಮುಂದಿನ ತಿಂಗಳು ಮುಗಿಯುತ್ತದೆ. ಮುಂದುವರಿಸೋಣ ಎನ್ನುತ್ತಾರೆ ರಾಯರು. ಲಲಿತಮ್ಮನದು ಒಂದೇ ಷರತ್ತು: ಆ ಊರಿನಲ್ಲೇ ಕರೆದಾಗ ಬರುವ ಒಬ್ಬ ಆಟೋದವನನ್ನು ಗೊತ್ತುಮಾಡಬೇಕು, ಅವನ ನಂಬರ್ ತಮ್ಮ ಫೋನಿನಲ್ಲಿರಬೇಕು.