ಆಪ್ತಸಲಹೆ ಪ್ರಕರಣ: ನೀವಿಲ್ಲದ ದಿನ ಆ ಕಡಲ ಮನೆಯಲ್ಲಿ ನಾನು ಯಾರು?

ನಿವೃತ್ತಿಗೆ ಹತ್ತಿರವಾದ ದಂಪತಿ ಹೊರದೇಶದ ಕಡಲತೀರದಲ್ಲಿ ಮನೆ ಮಾಡಲು ಹೊರಡುತ್ತಾರೆ. ಒಬ್ಬರಿಗೆ ಉತ್ಸಾಹ, ಇನ್ನೊಬ್ಬರಿಗೆ ಭಯ. ಇಂಥ ಜಗಳ ನಮ್ಮಲ್ಲಿಗೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಕರಣವನ್ನು ಇಲ್ಲಿ ಬರೆದಿದ್ದೇನೆ.

ಯಜಮಾನರಿಗೆ 59, ಆಕೆಗೆ 55. ಫೆಬ್ರವರಿಯಲ್ಲಿ ಥಾಯ್ಲೆಂಡಿನ ಫುಕೆಟ್‌ನಲ್ಲಿ ಹತ್ತು ದಿನ ಇದ್ದು, ಕಡಲಿಗೆ ಮುಖ ಮಾಡಿದ ಒಂದು ಮನೆಯನ್ನು ಮೆಚ್ಚಿ ಬಂದಿದ್ದರು. ಮುಂಗಡ ಕೊಡುವುದಷ್ಟೇ ಬಾಕಿ. ಅಂದಿನಿಂದ ಆಕೆಗೆ ನಿದ್ದೆಯಿಲ್ಲ. "ಇವಳಿಗೆ ಎಲ್ಲದಕ್ಕೂ ಆತಂಕ ಮೇಡಂ, ನೀವಾದರೂ ಸ್ವಲ್ಪ ಧೈರ್ಯ ಹೇಳಿ" ಎಂದು ಅವರೇ ಕರೆತಂದರು. ಮೊದಲ ಎರಡು ಭೇಟಿಗಳು ಅದೇ ಧಾಟಿಯಲ್ಲಿ ಕಳೆದವು.

ಮೂರನೆಯ ಸಲ ಆಕೆ ಗುತ್ತಿಗೆ (ಲೀಸ್) ಒಪ್ಪಂದದ ಕರಡನ್ನು ತಂದರು. ಗುತ್ತಿಗೆಗೆ ಪಡೆಯುವವರು ಎಂಬಲ್ಲಿ ಒಂದೇ ಹೆಸರು, ಗಂಡನದು. ಅದರ ಮೇಲೆ ಬೆರಳಿಟ್ಟು ಅವರತ್ತ ತಿರುಗಿದರು: "ರೀ, ನೀವು ನನಗಿಂತ ಮೊದಲು ಹೋದರೆ, ಮಾರನೇ ದಿನ ಆ ಮನೆಯಲ್ಲಿ ನಾನು ಯಾರು?"

"ಬಿಡ್ತು ಅನ್ನು" ಎಂದರು ಅವರು. ಸ್ವಲ್ಪ ತಡೆದು, "ಮೂವತ್ತು ವರ್ಷದ ಲೀಸ್ ಇದೆಯಲ್ಲ, ಸ್ವಂತದ್ದು ಇದ್ದ ಹಾಗೇ" ಎಂದರು.

ಸ್ವಂತದ್ದಲ್ಲ. ಥಾಯ್ಲೆಂಡಿನಲ್ಲಿ ವಿದೇಶಿಯರು ಸಾಮಾನ್ಯವಾಗಿ ಜಮೀನು ಕೊಳ್ಳುವಂತಿಲ್ಲ. ನೋಂದಾಯಿತ ಕಾಂಡೋಮಿನಿಯಂ ಕಟ್ಟಡದಲ್ಲಿ ಎಲ್ಲ ವಿದೇಶಿಯರ ಪಾಲು ಸೇರಿ ಫ್ಲ್ಯಾಟುಗಳ ಒಟ್ಟು ವಿಸ್ತೀರ್ಣದ ಶೇ 49 ದಾಟದಿದ್ದರೆ ಫ್ಲ್ಯಾಟ್ ಹೆಸರಿಗಾಗುತ್ತದೆ. ಬಿಡಿ ಮನೆಗೆ ಜಮೀನಿನ ಗುತ್ತಿಗೆಯೇ ದಾರಿ, ಗರಿಷ್ಠ 30 ವರ್ಷ. ಮೂರು ವರ್ಷ ಮೀರಿದ ಗುತ್ತಿಗೆಯನ್ನು ಭೂ ಕಚೇರಿಯಲ್ಲಿ ನೋಂದಾಯಿಸದಿದ್ದರೆ ಅದು ನಡೆಯುವುದು ಮೂರೇ ವರ್ಷ. ಗುತ್ತಿಗೆಯನ್ನು ಎರಡು ಸಲ ನವೀಕರಿಸಿಕೊಡುತ್ತಾರೆಂದು ದಲ್ಲಾಳಿಗಳು ಹೇಳುವ "30 + 30 + 30"ರಲ್ಲಿ ಎರಡನೆಯ ಮೂವತ್ತನ್ನೇ ನಂಬುವಂತಿಲ್ಲ. ಜಮೀನು ಕೈ ಬದಲಾದರೆ ಹೊಸ ಮಾಲೀಕ ಆ ಭರವಸೆಗೆ ಬದ್ಧನಲ್ಲ. ಆಕೆಯ ಪ್ರಶ್ನೆಗೆ ಉತ್ತರ ಇನ್ನೂ ಕಠಿಣ: ಅಲ್ಲಿನ ನ್ಯಾಯಾಲಯಗಳು ಗುತ್ತಿಗೆಯನ್ನು ಗುತ್ತಿಗೆದಾರನ ವೈಯಕ್ತಿಕ ಹಕ್ಕೆಂದು ಕಾಣುತ್ತವೆ. ವಾರಸುದಾರರಿಗೆ ಮುಂದುವರಿಯುತ್ತದೆ ಎಂದು ಬರೆದಿಲ್ಲದಿದ್ದರೆ ಅವನೊಂದಿಗೇ ಮುಗಿಯಿತು. ಕರಡಿನಲ್ಲಿ ಆ ಷರತ್ತು ಇರಲಿಲ್ಲ.

ವೀಸಾ ಕೂಡ ಹಾಗೇ. ಮನೆ ಮಾಡಿದ ಮಾತ್ರಕ್ಕೆ ಅಲ್ಲಿ ನೆಲೆಸುವ ಹಕ್ಕು ಬರುವುದಿಲ್ಲ. 50 ದಾಟಿದವರ ನಿವೃತ್ತಿ ವೀಸಾಗೆಂದು ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಲು ಹೊರಟಿದ್ದರು. ಖಾತೆ ಯಜಮಾನರೊಬ್ಬರ ಹೆಸರಿನಲ್ಲಿ, ಆಕೆ ಅವಲಂಬಿತ ಪತ್ನಿಯಾಗಿ. ಖಾತೆದಾರ ತೀರಿಕೊಂಡರೆ, ಅಲ್ಲಿನ ನ್ಯಾಯಾಲಯ ಆಸ್ತಿಗೆ ಆಡಳಿತಗಾರರನ್ನು ನೇಮಿಸುವ ತನಕ ಬ್ಯಾಂಕು ಹಣ ಬಿಡುವುದಿಲ್ಲ. ಅವಲಂಬಿತರ ವೀಸಾದ ಆಧಾರವೂ ಹೋಗುತ್ತದೆ. ಮನೆ, ದುಡ್ಡು, ಆ ದೇಶದಲ್ಲಿ ಇರುವ ಹಕ್ಕು ಮೂರೂ ಒಬ್ಬರ ಉಸಿರಿಗೆ ಕಟ್ಟಿದ್ದವು.

ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೆಂಡತಿಯ ಕೈಯಿಂದ ಕರಡನ್ನು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಮೊದಲ ಪುಟದಿಂದ ಓದತೊಡಗಿದರು. ಅಷ್ಟೂ ದಿನ ಅದನ್ನು ಓದಿದ್ದು ಆಕೆ ಮಾತ್ರ.

ಆಪ್ತಸಲಹೆಗಾರರು ಮನಸ್ಸನ್ನು ನೋಡಬೇಕು, ಕಾಗದಪತ್ರಕ್ಕೆ ಕೈ ಹಾಕಬಾರದು ಎಂಬ ಆಕ್ಷೇಪ ನನಗೆ ಗೊತ್ತು. ಈ ಪ್ರಕರಣದಲ್ಲಿ ಅದನ್ನು ಒಪ್ಪಲಾರೆ. ಆಕೆಯ ಭಯಕ್ಕೆ ನಿಜವಾದ ಕಾರಣವಿತ್ತು, ಅದು ಕರಡಿನಲ್ಲೇ ಕಾಣುತ್ತಿತ್ತು. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದ್ದರೆ, ಸರಿಯಾದ ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಿದಂತೆ ಆಗುತ್ತಿತ್ತು. ಕಾನೂನಿನ ಕೊನೆಯ ಮಾತು ವಕೀಲರದೇ. ಆದರೆ ವಕೀಲರ ಬಳಿ ಏನು ಕೇಳಬೇಕು ಎಂಬುದು ಈ ಕೋಣೆಯಲ್ಲೇ ಗೊತ್ತಾಗಬೇಕಿತ್ತು.

ಕೊಟ್ಟ ಸಲಹೆ ಹೀಗಿತ್ತು. ಗುತ್ತಿಗೆಯಲ್ಲಿ ಇಬ್ಬರ ಹೆಸರೂ ಇರಲಿ, ವಾರಸು ಷರತ್ತೂ ಇರಲಿ. ಕಟ್ಟಡಕ್ಕೆ 'ಸೂಪರ್‌ಫಿಶೀಸ್' ಹಕ್ಕನ್ನು ಬೇರೆಯಾಗಿ ನೋಂದಾಯಿಸಲು ಕೇಳಿ. ಪರರ ಜಮೀನಿನ ಮೇಲೆ ನಿಂತ ಮನೆಯ ಮಾಲೀಕತ್ವ ಅದು, ಬೇರೆ ಷರತ್ತು ಹಾಕದಿದ್ದರೆ ವಾರಸುದಾರರಿಗೂ ಸಲ್ಲುತ್ತದೆ. 'ಯೂಸುಫ್ರಕ್ಟ್' ಎಂಬ ಅನುಭೋಗದ ಹಕ್ಕನ್ನು ಅದರ ಬದಲು ಒಪ್ಪಬೇಡಿ, ಅದು ಪಡೆದವರ ಜೀವದೊಂದಿಗೇ ಮುಗಿಯುತ್ತದೆ. ಆಕೆ ತನ್ನದೇ ಖಾತೆ, ತನ್ನದೇ ಠೇವಣಿಯ ಮೇಲೆ ವೀಸಾ ಮಾಡಿಸಲಿ. ಅಲ್ಲಿನ ಆಸ್ತಿಗೆ ಇಬ್ಬರೂ ಥಾಯ್ ಉಯಿಲು ಬರೆಯಲಿ. ಪರಿಚಯದವರೊಬ್ಬರು ಸೂಚಿಸಿದ್ದ, ಸ್ಥಳೀಯರನ್ನು ಹೆಸರಿಗೆ ಮಾತ್ರ ಷೇರುದಾರರಾಗಿಸಿ ಕಂಪನಿ ಕಟ್ಟುವ ಉಪಾಯ ಬೇಡವೇ ಬೇಡ. ಅದು ಅಪರಾಧ.

ಜಮೀನಿನ ಹಕ್ಕುಪತ್ರದ ಬಗ್ಗೆ ಒಂದು ಮಾತು. ಫೈಲಿನಲ್ಲಿದ್ದುದು ಜೆರಾಕ್ಸ್ ಪ್ರತಿ, ನೆತ್ತಿಯ ಮೇಲೆ ಥಾಯ್ ಸರ್ಕಾರದ ಲಾಂಛನವಾದ ಗರುಡ, ಕಪ್ಪು ಬಣ್ಣದಲ್ಲಿ. ಮೂಲಪತ್ರದಲ್ಲಿ ಆ ಗರುಡನ ಬಣ್ಣವೇ ದರ್ಜೆಯನ್ನು ಹೇಳುತ್ತದೆ. ಕೆಂಪಾದರೆ ಚಾನೋಟ್ ಎಂಬ ಮೇಲಿನ ದರ್ಜೆಯ ಪತ್ರ, ಗಡಿಕಲ್ಲು ನೆಟ್ಟು ಪೂರ್ತಿ ಅಳತೆಯಾದ ಜಮೀನು. ಹಸಿರು, ಕಪ್ಪು ಕೆಳಗಿನ ದರ್ಜೆಯವು, ಗಡಿ ಅಷ್ಟು ನಿಖರವಲ್ಲ. ಜೆರಾಕ್ಸ್‌ನಲ್ಲಿ ಎಲ್ಲವೂ ಕಪ್ಪೇ. ಹಾಗಾಗಿ ಮಾರುವವರ ಕಡೆಯವರಲ್ಲದ ವಕೀಲರೊಬ್ಬರು ಭೂ ಕಚೇರಿಗೆ ಹೋಗಿ, ಅಲ್ಲಿನ ಪ್ರತಿಯನ್ನೇ ನೋಡಬೇಕು. ಹಿಂಬದಿಯನ್ನೂ ನೋಡಬೇಕು, ಅಡಮಾನ ಇದ್ದರೆ ಅಲ್ಲಿ ದಾಖಲಾಗಿರುತ್ತದೆ.

ಕೊನೆಯದು ಯಜಮಾನರಿಗೆ ರುಚಿಸಲಿಲ್ಲ: ಮುಂಗಡಕ್ಕೆ ಮೊದಲು, ಮಳೆಗಾಲದಲ್ಲಿ ಅಲ್ಲೇ ಬಾಡಿಗೆಗೆ ಇದ್ದು ನೋಡಿ. ಅವರು ಕಂಡಿದ್ದು ಫೆಬ್ರವರಿಯ ಶಾಂತ ಕಡಲು. ಮೇಯಿಂದ ಅಕ್ಟೋಬರ್‌ವರೆಗೆ ಫುಕೆಟ್ ಇರುವ ಅಂಡಮಾನ್ ಸಮುದ್ರದ ದಂಡೆಯಲ್ಲಿ ಅಲೆ ಎದ್ದು, ಈಜಬಾರದೆಂದು ಕೆಂಪು ಬಾವುಟ ಹಾರುತ್ತದೆ. ಉಪ್ಪುಗಾಳಿಗೆ ಎಸಿಯ ಹೊರಘಟಕ, ಕಿಟಕಿಯ ಕೀಲುಗಳು ತುಕ್ಕು ಹಿಡಿಯುತ್ತವೆ. ಕಾಂಕ್ರೀಟಿನೊಳಗೆ ಉಪ್ಪು ಇಳಿದರೆ ಕಂಬಿ ಉಬ್ಬಿ ಚಾವಣಿಯ ಚಕ್ಕೆ ಬೀಳುತ್ತದೆ. ಕಂಬಗಳ ಬುಡ, ಬಾಲ್ಕನಿಯ ತಳಭಾಗದಲ್ಲಿ ಕಂದು ಗೀರು ಇದೆಯೇ ಎಂದು ಆ ಮಳೆಯಲ್ಲೇ ನೋಡಬೇಕು.

ಜೂನ್‌ನಿಂದ ಮೂರು ತಿಂಗಳಿಗೆ ಅಲ್ಲೇ ಒಂದು ಮನೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಇಬ್ಬರ ಹೆಸರಿಗೆ ಜಮೀನಿನವರು ಒಪ್ಪಿದ್ದಾರೆ, ವಾರಸು ಷರತ್ತಿಗೆ ಇನ್ನೂ ಒಪ್ಪಿಲ್ಲ. ಅದು ಕಾಗದದಲ್ಲಿ ಬರುವ ತನಕ ಮುಂಗಡ ಕೊಡುವುದಿಲ್ಲವೆಂದು ಯಜಮಾನರೇ ಅವರಿಗೆ ಬರೆದು ತಿಳಿಸಿದ್ದಾರೆ.