ಏಡ್ಸ್ ಜಾಗೃತಿಯ ಪೋಸ್ಟರ್‌ನಲ್ಲಿ ತಲೆಬುರುಡೆ ಬರೆಯಬೇಕೇ?

ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಕಾಲೇಜಿನಲ್ಲಿ ಪೋಸ್ಟರ್ ಮಾಡಬೇಕಿದೆ, ತಲೆಬುರುಡೆ ಬರೆದರೆ ಜನ ಹೆದರಿ ಎಚ್ಚರವಾಗುತ್ತಾರೆಯೇ, ಬೇರೆ ದೇಶಗಳಲ್ಲಿ ಹೇಗೆ ಮಾಡಿದ್ದಾರೆ ಎಂದು ಕೇಳಿದ್ದೀರಿ. ದಯವಿಟ್ಟು ತಲೆಬುರುಡೆ ಬೇಡ. ನಾನು ಬಳ್ಳಾರಿಯಲ್ಲಿ ಗೋಡೆಬರಹ ಬರೆದುಕೊಂಡು ಬಂದವನು, ಈಗ ಫ್ಲೆಕ್ಸ್ ವಿನ್ಯಾಸ ಮಾಡುತ್ತೇನೆ. ಆ ಬುರುಡೆಯನ್ನು ನಾನೇ ಎಷ್ಟೋ ಗೋಡೆಗಳ ಮೇಲೆ ಬರೆದಿದ್ದೇನೆ.

2000ರ ಸುಮಾರಿಗೆ ಒಂದು ಆಸ್ಪತ್ರೆಯ ಕಾಂಪೌಂಡ್ ಗೋಡೆಗೆ ಕಪ್ಪು ಬಳಿದು, ಬಿಳಿ ಬುರುಡೆ ತೆಗೆದು, ಕೆಳಗೆ ಕೆಂಪಿನಲ್ಲಿ ‘ಏಡ್ಸ್ ಮಹಾಮಾರಿ, ಇದಕ್ಕೆ ಮದ್ದಿಲ್ಲ’ ಎಂದು ಬರೆದೆ. ಆಗ ಎಲ್ಲರೂ ಬರೆಸುತ್ತಿದ್ದುದು ಅದನ್ನೇ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಎಚ್‌ಐವಿ ವೈರಾಣುವನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರುಮಾಡಿತು. ಕೆಲವು ವರ್ಷಗಳಲ್ಲಿ ಆ ಆಸ್ಪತ್ರೆಗೂ ಮಾತ್ರೆ ಬಂತು. ಗೋಡೆಯನ್ನು ಮಾತ್ರ ಯಾರೂ ಅಳಿಸಲಿಲ್ಲ. ಒಂದು ದಿನ ಅಲ್ಲಿಗೆ ಬೇರೆ ಫಲಕ ಬರೆಯಲು ಹೋದಾಗ, ಮಾತ್ರೆಗೆ ಬಂದಿದ್ದ ಒಬ್ಬ ಹೆಣ್ಣುಮಗಳು ಬೇವಿನ ಕಟ್ಟೆಯ ಬಿಸಿಲಿನ ಮಗ್ಗುಲಲ್ಲಿ ಕುಳಿತಿದ್ದರು. ನಮ್ಮೂರಿನ ಏಪ್ರಿಲ್ ಬಿಸಿಲು! ನೆರಳಿನ ಕಡೆ ಕುಳಿತರೆ ಬುರುಡೆ ಎದುರಾಗುತ್ತಿತ್ತು. ಮಡಿಲಲ್ಲಿ ತಿಂಗಳ ಮಾತ್ರೆಯ ಚೀಲ, ಬೆನ್ನ ಹಿಂದೆ ‘ಮದ್ದಿಲ್ಲ’. ಮರುದಿನವೇ ವೈದ್ಯರನ್ನು ಕೇಳಿಕೊಂಡು ಅದರ ಮೇಲೆ ಬಿಳಿ ಬಳಿದೆ. ಎರಡು ಕೋಟು ಹೊಡೆದರೂ ಬುರುಡೆಯ ಕಣ್ಣಿನ ಗುಳಿಗಳು ಕಾಣುತ್ತಿದ್ದವು, ಮೂರನೆಯದಕ್ಕೆ ಮುಚ್ಚಿದವು.

ಹೆದರಿಸುವ ದಾರಿಯನ್ನು ದೊಡ್ಡ ದೇಶಗಳೂ ಹಿಡಿದಿದ್ದವು. 1987ರಲ್ಲಿ ಆಸ್ಟ್ರೇಲಿಯಾದ ಟಿವಿ ಜಾಹೀರಾತಿನಲ್ಲಿ ಕುಡುಗೋಲು ಹಿಡಿದ ಸಾವೇ ಚೆಂಡು ಉರುಳಿಸಿ, ಸಾಲಾಗಿ ನಿಂತ ಹೆಂಗಸರು ಮಕ್ಕಳನ್ನೆಲ್ಲ ಕೆಡವುತ್ತದೆ. ಅದೇ ವರ್ಷ ಬ್ರಿಟನ್ ಗೋರಿಕಲ್ಲನ್ನು ತೋರಿಸಿ, ಅರಿಯದೆ ಸಾಯಬೇಡಿ ಎಂದು ಮನೆಮನೆಗೆ ಕರಪತ್ರ ಹಂಚಿತು. ಎಲ್ಲರೂ ನೋಡಿದರು, ನಿಜ. ಆದರೆ ಆಸ್ಟ್ರೇಲಿಯಾದಲ್ಲಿ ಅನೇಕರು ಆ ಸಾವಿನ ರೂಪವನ್ನು ಸೋಂಕಿತರಿಗೇ, ಅದರಲ್ಲೂ ಸಲಿಂಗಿ ಗಂಡಸರಿಗೆ ಅಂಟಿಸಿಬಿಟ್ಟರು. ರೋಗವನ್ನು ತೋರಿಸಲು ಬರೆದ ಭೂತ ರೋಗಿಯ ಮುಖವಾಯಿತು.

ಅದೇ 1987ರಲ್ಲಿ ಸ್ವಿಟ್ಜರ್ಲೆಂಡ್‌ನವರು ‘ಸ್ಟಾಪ್ ಏಡ್ಸ್’ ಎಂದು ಇಂಗ್ಲಿಷ್‌ನಲ್ಲಿ ಬರೆದು, ಅದರ ‘ಓ’ ಅಕ್ಷರದ ಜಾಗದಲ್ಲಿ ಸುರುಳಿ ಸುತ್ತಿದ ಗುಲಾಬಿ ಕಾಂಡೋಮ್ ಇಟ್ಟರು. ಅಷ್ಟೇ! ರೋಗ ಯಾವುದು, ಉಪಾಯ ಯಾವುದು, ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಯಾರ ಮುಖವೂ ಇಲ್ಲ, ಯಾರಿಗೂ ಬೈಗುಳವಿಲ್ಲ. ಅಕ್ಷರ ಬರೆಯುವವನಾಗಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ನಮ್ಮ ಲಿಪಿಯಲ್ಲಿ ದುಂಡನೆಯ ಸೊನ್ನೆಯೇ ಇದೆ. ‘ಸಂಗಾತಿ’ ಎಂದು ದೊಡ್ಡದಾಗಿ ಬರೆದು ಅದರ ಸೊನ್ನೆಯಲ್ಲಿ ನೀವೂ ಪ್ರಯತ್ನಿಸಿ ನೋಡಿ.

ಉಗಾಂಡಾದವರು ದನಗಾಹಿಗಳ ಮಾತನ್ನೇ ಎತ್ತಿಕೊಂಡರು. ದನವನ್ನು ಹೊರಗೆ ಬಿಡದೆ ಕಟ್ಟಿ ಮೇಯಿಸುವುದಕ್ಕೆ ಅಲ್ಲಿರುವ ಹೆಸರೇ ಪ್ರಚಾರದ ಘೋಷಣೆಯಾಯಿತು; ಅಂದರೆ ಮನೆಯ ಹೊರಗೆ ಮೇಯಬೇಡ. ರಾಯಚೂರು, ಕೊಪ್ಪಳದ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಆಂಧ್ರದಲ್ಲಿ ‘ಪುಲಿರಾಜನಿಗೆ ಏಡ್ಸ್ ಬರುತ್ತದೆಯೇ?’ ಎಂಬ ತೆಲುಗು ಫಲಕಗಳಿದ್ದ ಕಾಲ ನನಗೆ ನೆನಪಿದೆ. ಗುಂತಕಲ್ಲಿಗೆ ಹೋಗುವ ಬಸ್ಸಿನಲ್ಲಿ, ಯಾರಪ್ಪಾ ಈ ಪುಲಿರಾಜ ಎಂದು ಜನ ಕೇಳಿಕೊಳ್ಳುತ್ತಿದ್ದರು. ಬಾಯಿಬಿಟ್ಟು ಹೇಳದಿದ್ದ ರೋಗದ ಹೆಸರು ಆ ನೆಪದಲ್ಲಿ ಬಾಯಿಗೆ ಬಂತು.

ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಂಥ 8,000ಕ್ಕೂ ಹೆಚ್ಚು ಪೋಸ್ಟರ್‌ಗಳ ಸಂಗ್ರಹವಿದೆ, ಅಂತರ್ಜಾಲದಲ್ಲಿ ನೋಡಬಹುದು.

ಇನ್ನು ಬಣ್ಣ. 1991ರಲ್ಲಿ ನ್ಯೂಯಾರ್ಕಿನ ಕಲಾವಿದರು ರೂಪಿಸಿದ ಕೆಂಪು ರಿಬ್ಬನ್ ಈಗ ಜಗತ್ತಿಗೆಲ್ಲ ಗೊತ್ತು, ಹಾಕಿ. ಆದರೆ ಮುಖ್ಯ ಮಾತನ್ನು ಕೆಂಪಿನಲ್ಲಿ ಬರೆಯಬೇಡಿ. ಸಂಡೂರು ರಸ್ತೆಯ ಲಾರಿ ನಿಲ್ದಾಣವೊಂದರಲ್ಲಿ ನಾನು ಬರೆದ ಕೆಂಪಕ್ಷರ ಎರಡೇ ತಿಂಗಳಲ್ಲಿ ಮಾಯವಾಗಿತ್ತು. ಅದಿರಿನ ದೂಳು ಕುಳಿತು ಬಿಳಿ ಗೋಡೆಯೇ ಕೆಂಪಾಗಿತ್ತು. ಆಮೇಲೆ ಅಲ್ಲಿ ಕಡುನೀಲಿಯಲ್ಲೇ ಬರೆದೆ.

ಏನು ಬರೆಯಬೇಕು ಎಂದರೆ, ನಮ್ಮ ಗೋಡೆಗಳಲ್ಲಿ ಇಲ್ಲದ ಮಾತನ್ನು ಬರೆಯಿರಿ: ಮಾತ್ರೆಯನ್ನು ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಹರಡುವುದಿಲ್ಲ. ಇದನ್ನು ಓದಿದವನು ಪರೀಕ್ಷೆಗೆ ಹೋಗಲು ಧೈರ್ಯ ಮಾಡುತ್ತಾನೆ. ಕೆಳಗೆ ಸಹಾಯವಾಣಿ 1097 ಇರಲಿ, ಅಂಗೈಯಗಲ ದಪ್ಪಕ್ಕೆ, ಎದೆಯ ಎತ್ತರದಲ್ಲಿ. ಒಂದು ಪ್ರತಿಯನ್ನು ಕಾಲೇಜಿನ ಶೌಚಾಲಯದ ಬಾಗಿಲ ಒಳಮೈಗೆ ಅಂಟಿಸಿ. ಸಂಖ್ಯೆಯನ್ನು ಮೊಬೈಲ್‌ಗೆ ಇಳಿಸಿಕೊಳ್ಳುವಾಗ ಯಾರೂ ನೋಡದ ಜಾಗ ಅದೊಂದೇ.